ಇಪ್ಪತ್ತೊಂದನೆಯ ಅನುಚ್ಛೇದದ ಎರಡು ಓದು

ಕಾನೂನು ವಿಧಿಸಿದ ಕ್ರಮವನ್ನು ಅನುಸರಿಸದೆ ಯಾರ ಜೀವವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ ಅಪಹರಿಸಕೂಡದೆಂಬುದು ನಮ್ಮ ಸಂವಿಧಾನದ 21ನೆಯ ಅನುಚ್ಛೇದದ ತಾತ್ಪರ್ಯ. ಆ ಕ್ರಮ ನ್ಯಾಯಸಮ್ಮತವೂ ಆಗಿರಬೇಕೆ? ಅನುಚ್ಛೇದ ಹೇಳುವುದಿಲ್ಲ.

ಇದು ಮರೆವಿನಿಂದಾದುದಲ್ಲ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ದಕ್ಷಿಣ ಕನ್ನಡದ ಬೆನಗಲ್ ನರಸಿಂಗರಾಯರು 1947ರಲ್ಲಿ ಅಮೆರಿಕದ ನ್ಯಾಯಮೂರ್ತಿ ಫ್ರಾಂಕ್‌ಫರ್ಟರರನ್ನು ಕಂಡು ಚರ್ಚಿಸಿದರು. ಪ್ರಜಾಪ್ರತಿನಿಧಿಗಳ ಶಾಸನವನ್ನು ಕೆಲವೇ ನ್ಯಾಯಾಧೀಶರು ತೂಗಿ ತಳ್ಳಿಹಾಕುವುದು ಉಚಿತವಲ್ಲವೆಂಬ ವಾದ ಅವರಿಗೆ ಒಪ್ಪಿಗೆಯಾಯಿತು. ಅಮೆರಿಕದ ಮಾತನ್ನು ಕೈಬಿಟ್ಟು ಜಪಾನಿನ ಸಂವಿಧಾನದ ಮಾದರಿಯನ್ನು ಅನುಸರಿಸಲಾಯಿತು. 1948ರ ಚರ್ಚೆಯಲ್ಲಿ ಅಂಬೇಡ್ಕರರಿಗೆ ಎರಡು ದಾರಿಯಲ್ಲಿಯೂ ಅಪಾಯವೇ ಕಂಡಿತು.

1950ರಲ್ಲಿ ಪರೀಕ್ಷೆ ಬಂದಿತು. ವಿಚಾರಣೆಯಿಲ್ಲದೆ ಮದರಾಸು ರಾಜ್ಯದಲ್ಲಿ ಸೆರೆಯಲ್ಲಿದ್ದ ಕಮ್ಯೂನಿಸ್ಟ್ ನಾಯಕ ಎ. ಕೆ. ಗೋಪಾಲನ್ನರು ಸುಪ್ರೀಂ ಕೋರ್ಟಿಗೆ ಮೊರೆಯಿಟ್ಟರು. ಕಾನೂನೆಂದರೆ ಶಾಸಕಾಂಗ ಮಾಡಿದ ಕಾನೂನು, ಅಷ್ಟೇ ಎಂದಿತು ಬಹುಮತ. ಮುಂದೆ ರಾಜ್ಯ ಪುನರ್ವಿಂಗಡಣಾ ಆಯೋಗದ ಅಧ್ಯಕ್ಷರಾಗಿ ಕನ್ನಡಿಗರಿಗೆ ಪರಿಚಿತರಾದ ಫಜಲ್ ಅಲಿಯವರು ಇದನ್ನು ಒಪ್ಪಲಿಲ್ಲ. ಆಪಾದನೆ ತಿಳಿಸುವುದು, ಅಹವಾಲು ಕೇಳುವುದು ‘ಕ್ರಮ’ವೆಂಬ ಮಾತಿನಲ್ಲಿಯೇ ಅಡಗಿವೆಯೆಂದು ಅವರ ಮತ.

1978ರಲ್ಲಿ, ಮನೇಕಾ ಗಾಂಧಿಯವರ ಪಾಸ್‌ಪೋರ್ಟ್ ಮೊಕದ್ದಮೆಯಲ್ಲಿ, ಅದೇ ನ್ಯಾಯಾಲಯ 14, 19, 21ನೆಯ ಅನುಚ್ಛೇದಗಳನ್ನು ಕೂಡಿಸಿ ಓದಿ, ಕ್ರಮವು ನ್ಯಾಯವೂ ಯುಕ್ತವೂ ಆಗಿರಬೇಕೆಂದಿತು. 21ನೆಯ ಅನುಚ್ಛೇದದ ಒಂದಕ್ಷರವೂ ಈ ನಡುವೆ ಬದಲಾಗಿರಲಿಲ್ಲ.

ಇದು ರಚಕರ ಇಷ್ಟಕ್ಕೆ ವಿರುದ್ಧವೆನ್ನಬಹುದು. ಆದರೆ ಸಮಾನತೆಯ ಅನುಚ್ಛೇದವನ್ನು ಬರೆದವರೂ ಅವರೇ ಅಲ್ಲವೆ? ನ್ಯಾಯಾಧೀಶನು ಸಂವಿಧಾನಕ್ಕೆ ಹೊಸ ಮಾತು ಸೇರಿಸಬಾರದು, ನಿಜ. ಇರುವ ಮಾತನ್ನು ನೆರೆಯ ಮಾತುಗಳಿಂದ ಬೇರ್ಪಡಿಸಿ ಓದಲೂ ಬಾರದು. ಹಾಗೆ ಓದಿದುದರ ಬೆಲೆಯನ್ನು 1950ರಲ್ಲಿ ತೆತ್ತವರು ಸೆರೆಯಲ್ಲಿದ್ದವರು.