ಏಪ್ರಿಲ್ 14, 1944: ನೀರಿತ್ತು, ನಿರ್ಧಾರ ಇರಲಿಲ್ಲ

▪️ ಭಾಗ 1/5

ಏಪ್ರಿಲ್ 14 ಅಂದ್ರೆ ನಮಗೆಲ್ಲ ಅಂಬೇಡ್ಕರ್ ಜಯಂತಿ. ಅದೇ ದಿನ ನಿಮ್ಮೂರಿನ ಅಗ್ನಿಶಾಮಕ ಠಾಣೆ ಮುಂದೆ ಇನ್ನೊಂದು ಬ್ಯಾನರ್ ಕಟ್ಟಿರ್ತಾರೆ, ಗಮನಿಸಿದ್ದೀರಾ? "ಅಗ್ನಿಶಾಮಕ ಸೇವಾ ಸಪ್ತಾಹ, ಏಪ್ರಿಲ್ 14ರಿಂದ 20". ಆಫೀಸು, ಅಪಾರ್ಟ್‌ಮೆಂಟ್‌ಗಳಿಗೆ ಸಿಬ್ಬಂದಿ ಬಂದು ಬೆಂಕಿ ಹೊತ್ತಿಸಿ, ಆರಿಸಿ ತೋರಿಸೋದು ಈ ವಾರದಲ್ಲೇ.

ಯಾಕೆ 14ನೇ ತಾರೀಕೇ? ಉತ್ತರ ಇರೋದು ಬಾಂಬೆ ಬಂದರಿನಲ್ಲಿ, ಒಂದು ಹಡಗಿನ ಹೊಟ್ಟೆಯೊಳಗೆ. ಆ ಹಡಗಿನ ಹೆಸರು ಫೋರ್ಟ್ ಸ್ಟಿಕೀನ್.

ಸ್ವೈಪ್ ಮಾಡ್ತಾ ಓದಿ.

▪️ ಭಾಗ 2/5: ಹಡಗಿನಲ್ಲಿ ಏನೇನಿತ್ತು?

1942ರಲ್ಲಿ ಕೆನಡಾದಲ್ಲಿ ಕಟ್ಟಿದ ಸರಕು ಹಡಗು ಇದು. ಎರಡನೇ ಮಹಾಯುದ್ಧ ಜೋರಾಗಿದ್ದ ಕಾಲ. 1944ರ ಫೆಬ್ರವರಿ 24ರಂದು ಇಂಗ್ಲೆಂಡಿನ ಬರ್ಕನ್‌ಹೆಡ್‌ನಿಂದ ಹೊರಟಿತು. ಒಳಗೆ ಸುಮಾರು 1,400 ಟನ್ ಮದ್ದುಗುಂಡು. ಸ್ಪಿಟ್‌ಫೈರ್ ಯುದ್ಧವಿಮಾನಗಳು. ಜೊತೆಗೆ 31 ಪೆಟ್ಟಿಗೆ ತುಂಬಾ ಚಿನ್ನದ ಗಟ್ಟಿ.

ಕರಾಚಿಯಲ್ಲಿ ಒಂದಿಷ್ಟು ಸಾಮಾನು ಇಳಿಸಿದ ಮೇಲೆ ಜಾಗ ಖಾಲಿಯಾಯ್ತು. ಯುದ್ಧದ ಹೊತ್ತಿನಲ್ಲಿ ಹಡಗಿನ ಜಾಗ ಅಂದ್ರೆ ಬಂಗಾರ. ಖಾಲಿ ಓಡಿಸೋ ಹಾಗಿಲ್ಲ. ಹತ್ತಿ ಬೇಲ್‌ಗಳನ್ನ, ಎಣ್ಣೆಯ ಪೀಪಾಯಿಗಳನ್ನ ತುಂಬಿದರು. ಕ್ಯಾಪ್ಟನ್ ಅಲೆಕ್ಸಾಂಡರ್ ನೈಸ್ಮಿತ್ ಆಕ್ಷೇಪಿಸಿದರು. ಯಾರೂ ಕೇಳಲಿಲ್ಲ.

ಎರಡನೇ ಹೋಲ್ಡ್‌ನಲ್ಲಿ, ಅಂದ್ರೆ ಹಡಗಿನ ಸರಕು ಕೋಣೆಯಲ್ಲಿ, ಕೆಳಗೆ ಹತ್ತಿ, ಅದರ ಮೇಲಿನ ಅಂತಸ್ತಿನಲ್ಲಿ ಸ್ಫೋಟಕ. ಒಲೆ ಮೇಲೆ ಮದ್ದಿನ ಡಬ್ಬ ಇಟ್ಟ ಹಾಗೆ. ಒಲೆ ಇನ್ನೂ ಹೊತ್ತಿರಲಿಲ್ಲ, ಅಷ್ಟೇ.

ಏಪ್ರಿಲ್ 12ಕ್ಕೆ ಹಡಗು ಬಾಂಬೆ ತಲುಪಿತು. ಇಂಥ ಸರಕಿನ ಹಡಗನ್ನ ಊರಿಗೆ ಅಂಟಿಕೊಂಡ ಧಕ್ಕೆಗೆ ತರಲೇಬಾರದಿತ್ತು. ಆದ್ರೆ ಯುದ್ಧದ ಅವಸರ ಎಲ್ಲ ನಿಯಮವನ್ನೂ ಸಡಿಲ ಮಾಡಿತ್ತು. ಫೋರ್ಟ್ ಸ್ಟಿಕೀನ್ ಬಂದು ವಿಕ್ಟೋರಿಯಾ ಡಾಕ್ ಒಳಗೇ ನಿಂತಿತು. ಸುತ್ತ ಬೇರೆ ಹಡಗುಗಳು, ಗೋದಾಮುಗಳು. ಅದರಾಚೆ ಜನ ತುಂಬಿದ ಊರು.

▪️ ಭಾಗ 3/5: ಎರಡು ಗಂಟೆ

ಏಪ್ರಿಲ್ 14, ಶುಕ್ರವಾರ. ಕೂಲಿಗಳು ಮಧ್ಯಾಹ್ನದ ಊಟಕ್ಕೆ ಹೋಗಿದ್ದಾಗಲೇ ಹೊಗೆಯ ಎಳೆ ಕಂಡವರಿದ್ದರು. ಯಾರೂ ಕೂಗಿ ಹೇಳಲಿಲ್ಲ. ಹಡಗಿನವರಿಗೆ ಬೆಂಕಿ ಗೊತ್ತಾದಾಗ ಸುಮಾರು 2 ಗಂಟೆ. ಯಾರೋ ಎಸೆದ ಬೀಡಿ ಅಥವಾ ಸಿಗರೇಟು ಕಾರಣ ಇರಬಹುದು ಅನ್ನೋದು ಆಮೇಲೆ ಬಂದ ಅನುಮಾನ.

ಇಲ್ಲೊಂದು ವಿಷಯ ತಿಳ್ಕೊಳ್ಳಿ. ಒತ್ತಿ ಕಟ್ಟಿದ ಹತ್ತಿ ಧಗಧಗ ಉರಿಯೋದಿಲ್ಲ. ಬೂದಿ ಮುಚ್ಚಿದ ಕೆಂಡದ ಹಾಗೆ ಒಳಗೊಳಗೇ ಸುಡುತ್ತೆ. ಮೇಲಿಂದ ನೀರು ಸುರಿದರೆ ಕೆಂಡದ ತನಕ ಹೋಗೋದೇ ಇಲ್ಲ. ಅಗ್ನಿಶಾಮಕರು 900 ಟನ್ನಿಗೂ ಹೆಚ್ಚು ನೀರು ಸುರಿದರು. ದಟ್ಟ ಹೊಗೆಯಲ್ಲಿ ಬೆಂಕಿಯ ಮೂಲ ಸಿಗಲಿಲ್ಲ. ಹಡಗಿನ ಪಕ್ಕದ ತಗಡಿನ ಬಣ್ಣ ಗುಳ್ಳೆ ಎದ್ದಾಗ ಜಾಗದ ಸುಳಿವು ಸಿಕ್ಕಿತು. ತಗಡು ಕೊರೆದು ನೀರು ನುಗ್ಗಿಸೋಣ ಅಂದ್ರೆ ಗ್ಯಾಸ್ ಕಟರ್ ಕೈಕೊಟ್ಟಿತು. ಒಳಗೆ ತುಂಬಿದ ನೀರು ಕುದಿಯತೊಡಗಿತು.

ದಾರಿ ಇನ್ನೂ ಎರಡಿದ್ದವು. ಹಡಗನ್ನ ಅಲ್ಲೇ ಮುಳುಗಿಸಿಬಿಡೋದು, ಇಲ್ಲವೇ ಎಳೆದು ಸಮುದ್ರಕ್ಕೆ ಒಯ್ಯೋದು. ಎರಡನ್ನೂ ಹೇಳಿದವರಿದ್ದರು. ಎರಡಕ್ಕೂ ಅಡ್ಡಿ ಇತ್ತು: ಡಾಕ್‌ನಲ್ಲಿ ಸಾಕಷ್ಟು ಆಳ ಇಲ್ಲ, ಎಳೆದೊಯ್ಯೋಕೆ ಹೊತ್ತು ಬೇಕು. ಆದ್ರೆ ದೊಡ್ಡ ಅಡ್ಡಿ ಬೇರೆಯೇ. ಹಡಗು ಕ್ಯಾಪ್ಟನ್ನರದು, ಧಕ್ಕೆ ಬಂದರಿನವರದು, ಬೆಂಕಿ ಅಗ್ನಿಶಾಮಕರದು, ಮದ್ದುಗುಂಡು ಸೇನೆಯದು. "ನನ್ನ ಮಾತು ಕೊನೆ" ಅನ್ನೋ ಅಧಿಕಾರ ಇದ್ದ ಒಬ್ಬನೂ ಅಲ್ಲಿ ಇರಲಿಲ್ಲ. ನಾಲ್ಕು ಜನ ನಾಲ್ಕು ಮಾತಾಡೋ ಹೊತ್ತಿಗೆ ಎರಡು ಗಂಟೆ ಕಳೆದುಹೋಯ್ತು.

3:50ಕ್ಕೆ ಹಡಗು ಬಿಟ್ಟು ಇಳಿಯಿರಿ ಅನ್ನೋ ಆದೇಶ ಬಂತು. 4:06ಕ್ಕೆ ಸಿಡಿಯಿತು.

▪️ ಭಾಗ 4/5: ಆಮೇಲೆ

ಹಡಗು ಎರಡು ಹೋಳಾಯ್ತು. ಸುಮಾರು ಅರ್ಧ ಗಂಟೆ ಬಿಟ್ಟು ಎರಡನೇ ಸ್ಫೋಟ, ಮೊದಲಿನದಕ್ಕಿಂತ ದೊಡ್ಡದು. 12 ಕಿಲೋಮೀಟರ್ ದೂರದ ಕಿಟಕಿ ಗಾಜು ಒಡೆದವು. ದೂರದ ಶಿಮ್ಲಾದ ಭೂಕಂಪ ಮಾಪಕ ಕೂಡ ಇದನ್ನ ದಾಖಲಿಸಿತು. ಉರಿಯುವ ಹತ್ತಿ ಆಕಾಶದಿಂದ ಊರ ಮೇಲೆ ಮಳೆ ಸುರಿದ ಹಾಗೆ ಬಿತ್ತು. ಚಿನ್ನದ ಗಟ್ಟಿಯೊಂದು ಒಂದು ಮನೆಯ ಮಾಡು ತೂರಿ ಒಳಗೆ ಬಂತು!

ಅಧಿಕೃತ ಲೆಕ್ಕದಲ್ಲಿ ಸತ್ತವರು 740 ಜನ, ಗಾಯಗೊಂಡವರು ಸುಮಾರು 1,800. ಲೆಕ್ಕಕ್ಕೆ ಸಿಗದ ಕೂಲಿಗಳು ಇನ್ನೆಷ್ಟೋ. ಕ್ಯಾಪ್ಟನ್ ನೈಸ್ಮಿತ್ ಉಳಿಯಲಿಲ್ಲ. ಪಂಪು ಹಿಡಿದು ಹಡಗಿನ ಬಳಿ ನಿಂತಿದ್ದ ಅಗ್ನಿಶಾಮಕರಲ್ಲಿ 66 ಮಂದಿ ಸತ್ತರು. ಅವರ ನೆನಪಿಗೇ ಏಪ್ರಿಲ್ 14.

ಯುದ್ಧದ ಸೆನ್ಸಾರ್‌ನಿಂದಾಗಿ ಪತ್ರಿಕೆಗಳು ವಾರಗಟ್ಟಲೆ ಈ ಸುದ್ದಿ ಕಳಿಸೋ ಹಾಗಿರಲಿಲ್ಲ. ಅವಶೇಷ ತೆಗೆಯೋಕೆ 8,000 ಜನ ಏಳು ತಿಂಗಳು ದುಡಿದರು.

▪️ ಭಾಗ 5/5: ಪಾಠ ಕಲಿತೆವಾ?

ಬೇಗ ಕಲಿಯಲಿಲ್ಲ. ಮೂರು ವರ್ಷದ ನಂತರ, 1947ರ ಏಪ್ರಿಲ್ 16ರಂದು ಅಮೆರಿಕದ ಟೆಕ್ಸಸ್ ಸಿಟಿಯಲ್ಲಿ ಗ್ರಾಂಡ್‌ಕ್ಯಾಂಪ್ ಹಡಗಿಗೆ ಬೆಂಕಿ ಬಿತ್ತು. ಹೋಲ್ಡ್ ಮುಚ್ಚಿ ಆವಿ ಹಾಯಿಸಿದರು. ಗಾಳಿ ಸಿಗದಿದ್ರೆ ಬೆಂಕಿ ಸಾಯುತ್ತೆ ಅನ್ನೋದು ಹಳೇ ಲೆಕ್ಕ. ಆದ್ರೆ ಒಳಗಿದ್ದದ್ದು ಅಮೋನಿಯಂ ನೈಟ್ರೇಟ್ ಗೊಬ್ಬರ. ಅದಕ್ಕೆ ಹೊರಗಿನ ಗಾಳಿ ಬೇಡ, ಆಮ್ಲಜನಕ ಅದರೊಳಗೇ ಇದೆ. ಆವಿ ಬರೀ ಬಿಸಿ ಏರಿಸಿತು. ಊರಿನ 28 ಸ್ವಯಂಸೇವಕ ಅಗ್ನಿಶಾಮಕರಲ್ಲಿ 27 ಜನ ಸತ್ತರು.

ಅಪಾಯಕಾರಿ ಸರಕನ್ನ ಹೇಗೆ ವಿಂಗಡಿಸಬೇಕು, ಯಾವುದರ ಪಕ್ಕ ಯಾವುದು ಇರಬಾರದು ಅಂತ ಹೇಳೋ ಅಂತರರಾಷ್ಟ್ರೀಯ ಸಂಹಿತೆ ಬಂದದ್ದು 1965ರಲ್ಲಿ. ಈಗಲೂ ಸುಳ್ಳು ಹೆಸರಿನಲ್ಲಿ ಅಪಾಯಕಾರಿ ಸರಕು ಕಂಟೇನರ್ ಏರೋದು ನಿಂತಿಲ್ಲ.

2025ರ ಜೂನ್ 9 ನೆನಪಿದೆಯಾ? ಕೇರಳದ ಕರಾವಳಿಯಾಚೆ ವಾನ್ ಹೈ 503 ಹೊತ್ತಿಕೊಂಡಿತು. ಹೊರಟಿದ್ದು ಮುಂಬೈ ಕಡೆಗೇ. 22 ಸಿಬ್ಬಂದಿಯಲ್ಲಿ 18 ಮಂದಿಯನ್ನ ನೌಕಾಪಡೆ ನಮ್ಮ ಮಂಗಳೂರಿಗೆ ಕರೆತಂತು. ನಾಲ್ವರು ನಾಪತ್ತೆಯಾದರು. ಆದರೆ ಈ ಸಲ ಉರಿಯುವ ಹಡಗಿಗೆ ಹಗ್ಗ ಕಟ್ಟಿ ದಡದಿಂದ ದೂರಕ್ಕೆ ಎಳೆದರು. 1944ರಲ್ಲಿ ಆಗದೇ ಹೋದ ಕೆಲಸ ಅದೇ.

ನಮ್ಮ ಪಾಲಿನ ಪಾಠ ಚಿಕ್ಕದು. 101ಕ್ಕೋ 112ಕ್ಕೋ ಫೋನ್ ಮಾಡಿದಾಗ "ಬೆಂಕಿ ಬಿದ್ದಿದೆ" ಅಂತಷ್ಟೇ ಹೇಳಬೇಡಿ. ಒಳಗೆ ಏನಿದೆ ಅಂತ ಹೇಳಿ: ಸಿಲಿಂಡರಾ, ಪೇಂಟಾ, ಬ್ಯಾಟರಿನಾ? ಒಳಗೆ ನುಗ್ಗೋರ ಜೀವ ಆ ಒಂದು ಮಾತಿನ ಮೇಲೆ ನಿಂತಿರುತ್ತೆ.

ನಿಮ್ಮ ಅಜ್ಜನೋ ದೊಡ್ಡಪ್ಪನೋ ಆಗ ಬಾಂಬೆಯಲ್ಲಿ ಹೋಟೆಲ್ ಕೆಲಸಕ್ಕೋ ಬಂದರಿನ ಕೆಲಸಕ್ಕೋ ಇದ್ರಾ? ಆ ಸದ್ದಿನ ಬಗ್ಗೆ ಮನೆಯಲ್ಲಿ ಕೇಳಿದ ಮಾತಿದ್ರೆ ಕಾಮೆಂಟ್‌ನಲ್ಲಿ ಬರೀರಿ. ಎಲ್ಲವನ್ನೂ ಓದ್ತೀನಿ.

#ಇತಿಹಾಸ #ಬಾಂಬೆಬಂದರು #ಅಗ್ನಿಶಾಮಕದಿನ #ಕನ್ನಡ