ಬಾಕ್ಸರ್‌ಗಳ ಹಠಾತ್ ಕುಸಿತ

ವರ್ಷಗಟ್ಟಲೆ ಅಜೇಯರಂತೆ ಮೆರೆದ ಬಾಕ್ಸರ್‌ಗಳು ವೃತ್ತಿಯ ಕೊನೆಗೆ ಒಂದೆರಡು ಪಂದ್ಯಗಳಲ್ಲೇ ಕಳೆಗುಂದುವ ವಿದ್ಯಮಾನ. ಅಮೆರಿಕದ ರಾಯ್ ಜೋನ್ಸ್ ಜೂನಿಯರ್ (ಜನನ 1969) ಎದ್ದುಕಾಣುವ ನಿದರ್ಶನ. 2003ರ ಮಾರ್ಚ್‌ನಲ್ಲಿ ಜಾನ್ ರುಯಿಸ್‌ರನ್ನು ಮಣಿಸಿ ಹೆವಿವೇಟ್ ಪಟ್ಟ ಗೆದ್ದ ಅವರು, ಅದಕ್ಕೆಂದು ಹೆಚ್ಚಿಸಿಕೊಂಡ ತೂಕ ಇಳಿಸಿ ಲೈಟ್ ಹೆವಿವೇಟ್‌ಗೆ ಮರಳಿದರು. 2004ರ ಮೇನಲ್ಲಿ ಆಂಟೋನಿಯೊ ಟಾರ್ವರ್‌ರ ಎಡಗೈ ಹೊಡೆತಕ್ಕೆ ಎರಡನೇ ಸುತ್ತಿನಲ್ಲೇ ಉರುಳಿದರು. ಸೆಪ್ಟೆಂಬರ್‌ನಲ್ಲಿ ಅವರನ್ನು ಗ್ಲೆನ್ ಜಾನ್ಸನ್ ಒಂಬತ್ತನೇ ಸುತ್ತಿನಲ್ಲಿ ಕೆಡವಿದರು. ತೂಕದ ಏರಿಳಿತವನ್ನೇ ಹಲವರು ದೂರುತ್ತಾರೆ. ಆದರೆ ಮೂಲ ಕಾರಣ ಜೋನ್ಸ್‌ರ ಶೈಲಿಯಲ್ಲೇ ಇತ್ತು. ಕೈಗಳನ್ನು ಇಳಿಬಿಟ್ಟು, ಗದ್ದ ಮುಂದೊಡ್ಡಿ, ಹೊಡೆತ ಬಂದ ಕ್ಷಣದಲ್ಲಷ್ಟೇ ಹಿಂದೆ ಸರಿಯುವ ಆಟಕ್ಕೆ ಚುರುಕುತನವೇ ರಕ್ಷಣೆ; ವಯಸ್ಸಾದಂತೆ ಅದು ಕೂದಲೆಳೆಯಷ್ಟು ತಗ್ಗಿದರೂ ಸಾಕು, ಮುಖ ಬಯಲಾಗುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ರಕ್ಷಣೆಯ ಮೂಲಪಾಠಗಳನ್ನೇ ನೆಚ್ಚಿದ ಬಾಕ್ಸರ್ ಬರ್ನಾರ್ಡ್ ಹಾಪ್‌ಕಿನ್ಸ್ 2014ರಲ್ಲಿ, 49ರ ವಯಸ್ಸಿನಲ್ಲೂ ವಿಶ್ವಪಟ್ಟದ ಪಂದ್ಯ ಗೆದ್ದರು.