ಅಯಾನು ನಾಳ ಪ್ರತಿಬಂಧಕಗಳ ಗುರಿಯಾಚೆಯ ಪರಿಣಾಮ

ಜೀವಕೋಶ ಸಂಶೋಧನೆಯಲ್ಲಿ ಒಂದು ಅಯಾನು ನಾಳವನ್ನು ಮುಚ್ಚಲು ಬಳಸಿದ ವಸ್ತು ಬೇರೆ ನಾಳ, ಪಂಪು ಅಥವಾ ಕಿಣ್ವಗಳ ಮೇಲೂ ಬೀರುವ ಪರಿಣಾಮ. ಉತ್ತರ ಕರ್ನಾಟಕ, ಮಹಾರಾಷ್ಟ್ರಗಳಲ್ಲಿ ಕಾಣುವ ಕೆಂಪು ಚೇಳಿನ ವಿಷದಿಂದ 1990ರಲ್ಲಿ ಬೇರ್ಪಡಿಸಿದ ಐಬೀರಿಯೊಟಾಕ್ಸಿನ್ ಗುರಿ ಹೆಚ್ಚು ತಪ್ಪದ ಪ್ರತಿಬಂಧಕಗಳಲ್ಲೊಂದು. 37 ಅಮೈನೊ ಆಮ್ಲಗಳ ಈ ಪೆಪ್ಟೈಡು, ಕ್ಯಾಲ್ಸಿಯಂನಿಂದ ತೆರೆಯುವ ದೊಡ್ಡ ಪೊಟ್ಯಾಸಿಯಂ ನಾಳದ ಹೊರಬಾಯಿಗೆ ಬಿರಡೆಯಂತೆ ಕೂರುತ್ತದೆ. ಇದರ ಹತ್ತಿರದ ಬಂಧು, ಬೇರೊಂದು ಚೇಳಿನ ಚಾರಿಬ್ಡೊಟಾಕ್ಸಿನ್, ಲಿಂಫೋಸೈಟುಗಳ ಕೆವಿ1.3 ಎಂಬ ಪೊಟ್ಯಾಸಿಯಂ ನಾಳವನ್ನೂ ಮುಚ್ಚುತ್ತದೆ. ಆ ದೊಡ್ಡ ಪೊಟ್ಯಾಸಿಯಂ ನಾಳವನ್ನೇ ಮುಚ್ಚುವ, ಶಿಲೀಂಧ್ರದಿಂದ ದೊರೆಯುವ ಪ್ಯಾಕ್ಸಿಲಿನ್, ಪ್ರಮಾಣ ಹೆಚ್ಚಾದಾಗ, ಕೋಶದೊಳಗಿನ ಕ್ಯಾಲ್ಸಿಯಂ ಪಂಪನ್ನೂ ತಡೆಯುತ್ತದೆ. ಆಗ ಕಂಡ ಬದಲಾವಣೆ ಯಾವುದರಿಂದ ಬಂತೆಂದು ಹೇಳಲಾಗದು. ಒಂದೇ ಪ್ರತಿಬಂಧಕದ ಫಲಿತಾಂಶ ಸಾಕ್ಷ್ಯವಾಗಿ ಸಾಲದು. ರಚನೆಯಲ್ಲಿ ಭಿನ್ನವಾದ ಎರಡನೆಯ ಪ್ರತಿಬಂಧಕ ಬೇಕು, ಇಲ್ಲವೇ ಆ ನಾಳದ ಜೀನನ್ನೇ ತೆಗೆದ ಕೋಶ ಬೇಕು. ನಾಳವಿಲ್ಲದ ಕೋಶದಲ್ಲೂ ಅದೇ ಪರಿಣಾಮ ಕಂಡರೆ ಅದು ಗುರಿಯಾಚೆಯದು.